ಪೆಟ್ಟಿಗೆಯಲ್ಲಿಲ್ಲದ ಹೊಳೆಮನೆ

ಮಧುಮತಿ ಮೊದಲು ಮೌಸಿನ ವೈರು ಕಿತ್ತಳು, ಆಮೇಲೆ ಕೀಬೋರ್ಡಿನದು. ಮಾನಿಟರಿನ ದಪ್ಪ ವೈರಿನ ಎರಡು ತಿರುಪು ಬಿಗಿಯಾಗಿದ್ದವು. ಬಳೆ ಹಿಂದಕ್ಕೆ ಸರಿಸಿ ಉಗುರಿನಿಂದಲೇ ತಿರುವಿ ಬಿಡಿಸಿದಳು. ಸಿಪಿಯು ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ ಎತ್ತಿಕೊಂಡು ತಿರುಗಿದರೆ, ಬಾಗಿಲಲ್ಲಿ ದುಂಡೇಶ ಎರಡು ಗ್ಲಾಸು ಚಹಾ ಹಿಡಿದು ನಿಂತಿದ್ದ.

“ಎಲ್ಲಿಗ್ರಿ ಇದನ್ನ ಹೊತ್ಕೊಂಡು?”

“ಗಣೇಶಗುಡಿಗೆ. ಹನ್ನೆರಡರ ಬಸ್ಸಿಗೆ.”

“ಕಂಡಕ್ಟರ್ ಅದಕ್ಕೂ ಟಿಕೀಟ ಹರೀತಾನ.”

“ಹರೀಲಿ. ಇದರಾಗ ನಮ್ಮ ವೆಬ್‌ಸೈಟ ಐತಿ. ನಮ್ಮದನ್ನ ನಾವು ಒಯ್ತೇವಿ.”

ದುಂಡೇಶ ನಗಲಿಲ್ಲ. ನಕ್ಕಿದ್ದರೆ ಆ ಪೆಟ್ಟಿಗೆ ಅವನ ಕಾಲ ಮೇಲೆ ಬೀಳುತ್ತಿತ್ತೇನೋ.

“ಮೊದಲ ಚಹಾ ಕುಡೀರಿ. ಆರ್ತೈತಿ.”

“ನಿಮ್ಮ ಚಹಾ ನೀವ ಕುಡೀರಿ.”

ಅದು ೨೦೦೫ರ ಅಕ್ಟೋಬರ್. ದಾಂಡೇಲಿಯ ಪೇಪರ್ ಮಿಲ್ಲಿನ ರಸ್ತೆಯಲ್ಲಿ ದುಂಡೇಶನದು ನಾಲ್ಕು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ. ಮಧುಮತಿಯ ಅಪ್ಪ ಶೇಖಪ್ಪ ಅದೇ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತನಾದ ಮೇಲೆ ಗಣೇಶಗುಡಿಯಲ್ಲಿ ಕಾಳಿ ಹೊಳೆಯ ದಂಡೆಗೆ ಮೂರು ಕೋಣೆ ಕಟ್ಟಿ ‘ಹೊಳೆಮನೆ’ ಎಂದು ಬೋರ್ಡು ಹಾಕಿದ್ದ. ರಾಫ್ಟಿಂಗಿಗೆ ಬಂದವರು ಉಳಿಯಲಿ ಎಂದು. ಅದರ ವೆಬ್‌ಸೈಟ್ ಮಾಡಿಕೊಟ್ಟವನು ದುಂಡೇಶ. ಅವತ್ತಿನಿಂದ ನಾಲ್ಕು ತಿಂಗಳು, ಹದಿನೈದು ದಿನಕ್ಕೊಮ್ಮೆ ಮಧುಮತಿ ಇಲ್ಲಿಗೆ ಬಂದು ಫೋಟೋ ಏರಿಸುವುದು ಕಲಿತಿದ್ದಳು. ಪಾಠ ಒಂದು ತಾಸಿನದು. ಅವಳು ಹಿಂತಿರುಗುತ್ತಿದ್ದದ್ದು ಮಾತ್ರ ಐದರ ಬಸ್ಸಿಗೆ...

ಮೊನ್ನೆಯಿಂದ ಇಂಟರ್ನೆಟ್ಟಿನಲ್ಲಿ ಹೊಳೆಮನೆ ಕಾಣುತ್ತಿಲ್ಲ. ಹೆಸರು ಒತ್ತಿದರೆ ಬಿಳಿ ಹಾಳೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು: ಖಾತೆ ತಡೆಹಿಡಿಯಲಾಗಿದೆ.

ಪಕ್ಕದ ಹೋಮ್‌ಸ್ಟೇಯ ಚನಬಸಪ್ಪ ಅದಕ್ಕೆ ಒಗ್ಗರಣೆ ಹಾಕಿದ್ದ. “ತಂಗಿ, ನನ್ನ ಅಳಿಯ ಧಾರವಾಡದಾಗ ನೋಡ್ಯಾನ. ಆ ವೆಬ್‌ಸೈಟಿನ ಹೆಸರು ರಿಜಿಸ್ಟರ್ ಆಗಿದ್ದು ದುಂಡೇಶನ ಹೆಸರಿಲೆ. ಮನಿ ನಿಮ್ಮದು, ಬೋರ್ಡು ಅವಂದು. ನಾಳೆ ಬ್ಯಾರೆಯವ್ರಿಗೆ ಮಾರಿದ್ರ ಏನ್ ಮಾಡ್ತೀರಿ?”

ಮಧುಮತಿ ಆ ರಾತ್ರಿ ಊಟ ಬಿಟ್ಟಿದ್ದಳು. ಮಾರುತ್ತಾನೆ ಎಂಬ ಸಿಟ್ಟಿಗಲ್ಲ. ನಾಲ್ಕು ತಿಂಗಳು ಪಕ್ಕದಲ್ಲಿ ಕೂತವನು ಇದೊಂದು ಮಾತು ಯಾಕೆ ಹೇಳಲಿಲ್ಲ?

“ಹೆಸರು ನಿಮ್ಮ ಹೆಸರಿಲೆ ಐತೋ ಇಲ್ಲೋ?” ಈಗ ಕೇಳಿದಳು.

ದುಂಡೇಶ ಗ್ಲಾಸುಗಳನ್ನು ಮೇಜಿನ ಮೇಲಿಟ್ಟ. “ಐತಿ.”

ಸುಳ್ಳಾದರೂ ಹೇಳಬಹುದಿತ್ತು ಇವನು. ಅವಳ ಕೈಯಲ್ಲಿ ಪೆಟ್ಟಿಗೆ ಇನ್ನಷ್ಟು ಭಾರವಾಯಿತು.

“ನಾಳೆ ಹನ್ನೊಂದಕ್ಕ ಪುಣೆಯ ಚಾರಣದ ಸಂಘದವರು ನಮ್ಮ ವೆಬ್‌ಸೈಟ ನೋಡ್ತಾರ. ಅವರ ಸೆಕ್ರೆಟರಿ ಮೂವತ್ತು ಮಂದಿಗೆ ತೋರಿಸ್ತಾರ. ಒಪ್ಪಿದ್ರ ಡಿಸೆಂಬರ್ ಪೂರಾ ತಂಡ ತಂಡ ಮಾಡ್ಕೊಂಡು ನಮ್ಮಲ್ಲೆ ಉಳೀತಾರ. ಇಲ್ಲಂದ್ರ ದೀಪಾವಳಿ ಆದಮ್ಯಾಲೆ ಮನಿ ಬಾಡಿಗಿ ಕೊಟ್ಟು ಧಾರವಾಡಕ್ಕ ಹೋಗೂಣು ಅಂದಾರ ಅಪ್ಪ. ನಾನೂ ಹೋಗಬೇಕಾಗ್ತೈತಿ.”

ಕೊನೆಯ ಮಾತು ಹೇಳಬೇಕೆಂದಿರಲಿಲ್ಲ. ಬಾಯಿ ಜಾರಿತ್ತು.

ದುಂಡೇಶ ಅವಳ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಮೇಜಿನ ಮೇಲಿಟ್ಟ. ವೈರುಗಳನ್ನು ಮತ್ತೆ ಜೋಡಿಸತೊಡಗಿದ.

“ಇದರಾಗ ನಿಮ್ಮ ಸೈಟಿನ ಪ್ರತಿ ಅಷ್ಟ ಐತಿ. ಸೈಟ ಇರೋದು ಬ್ಯಾರೆ ಕಡೆ, ಹಗಲೂರಾತ್ರಿ ಬಂದ್ ಆಗದ ಕಂಪ್ಯೂಟರಿನ್ಯಾಗ. ಸರ್ವರ್ ಅಂತಾರ. ಅಲ್ಲಿ ನಾವು ಜಾಗ ಬಾಡಿಗಿ ಹಿಡದೇವಿ. ಇಲ್ಲೆ ಇದ್ದಿದ್ರ, ನಾ ಅಂಗಡಿ ಬಾಗಿಲಾ ಹಾಕಿದ ಕೂಡಲೆ ಹೊಳೆಮನಿ ಮಾಯ ಆಗ್ತಿತ್ತು.”

“ಈಗ ಆಗೇತಲ್ಲ.”

“ಅದಕ್ಕ ಕಾರಣ ನೀವು.”

“ನಾನ?”

ಮೋಡೆಮ್ ಕಿರುಗುಟ್ಟಿ, ತುಸು ಹೊತ್ತು ಒದ್ದಾಡಿ, ಸಂಪರ್ಕ ಹಿಡಿಯಿತು. ಸರ್ವರಿನವರ ಪುಟದಲ್ಲಿ ಒಂದು ಕೆಂಪು ಪಟ್ಟಿ ತುದಿ ಮುಟ್ಟಿ ನಿಂತಿತ್ತು.

“ಸುಪಾ ಡ್ಯಾಮಿನಿಂದ ದಿನಕ್ಕ ಇಷ್ಟ ನೀರು ಅಂತ ಬಿಡ್ತಾರಲ್ರಿ? ಹಂಗ ಇವರೂ ತಿಂಗಳಿಗೆ ಇಷ್ಟ ಡೇಟಾ ಅಂತ ಬಿಡ್ತಾರ. ಜನ ನೋಡಿದಷ್ಟೂ ಹರೀತೈತಿ, ಫೋಟೋ ದೊಡ್ಡದಿದ್ರ ಇನ್ನೂ ಜೋರ. ಮುಗೀತಂದ್ರ ಗೇಟ್ ಬಂದ್. ನೀವು ಹೋದ ಸಲ ಎಷ್ಟ ಫೋಟೋ ಏರಿಸಿದ್ರಿ?”

“ಅರವತ್ತೆರಡು.”

“ಸಣ್ಣ ಮಾಡಿ?”

ಮಧುಮತಿ ಚಹಾದ ಗ್ಲಾಸು ಎತ್ತಿಕೊಂಡಳು. ಸಣ್ಣ ಮಾಡಿರಲಿಲ್ಲ. ದುಂಡೇಶ ಎರಡೆರಡು ಸಲ ಹೇಳಿಕೊಟ್ಟಿದ್ದ. ಅವಳಿಗೆ ಅದು ಜಿಪುಣತನವಾಗಿ ಕಂಡಿತ್ತು. ಅವರ ಮನೆಯಲ್ಲಿ ಬಂದವರಿಗೆ ಸಣ್ಣ ತಾಟು ಇಡುವ ಪದ್ಧತಿಯೇ ಇಲ್ಲ. ಮನೆಯವರು ವಾಟಿಬಟ್ಟಲಲ್ಲಿ ಉಂಡರೂ ಸರಿ, ಬಂದವರಿಗೆ ದೊಡ್ಡ ಹಿತ್ತಾಳೆ ತಾಟು. ಫೋಟೋ ನೋಡುವವರೂ ಬಂದವರೇ ಅಲ್ಲವೆ?

“ಅವ್ವಗ ಕೇಳಿದ್ನಿ,” ಎಂದಳು ಮೆಲ್ಲಗೆ. “ರೊಟ್ಟಿ ಮ್ಯಾಲಿನ ಎಳ್ಳು ಎಣಿಸುವಂಗ ಕಾಣಬೇಕು ಅಂದ್ಲು.”

“ಎಣಿಸ್ಯಾರ ಬಿಡ್ರಿ. ಹನ್ನೆರಡ ದಿನದಾಗ ಎಂಟುನೂರು ಮಂದಿ ಎಣಿಸಿ ಹೋಗ್ಯಾರ.”

ಅವಳು ಪರದೆ ನೋಡಿದಳು, ಅವನನ್ನು ನೋಡಿದಳು. ಎಂಟುನೂರು! ಹೊಳೆಮನೆ ಮುಚ್ಚಿದ್ದು ಯಾರೂ ಬಾರದ್ದಕ್ಕಲ್ಲ... ಹೆಚ್ಚು ಜನ ಬಂದು ಹಾದಿ ಕಟ್ಟಿದ್ದಕ್ಕೆ. ಬಸ್ಸಿನುದ್ದಕ್ಕೂ ಇವನಿಗಾಗಿ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳು ಈಗ ಎಲ್ಲಿಗೆ ಹೋಗಬೇಕು?

“ಈಗೇನ್ ಮಾಡೂದು?”

“ಬ್ಯಾರೆ ಸರ್ವರಿನ್ಯಾಗ ನನ್ನ ಸ್ವಂತ ಜಾಗ ಐತಿ, ಸಣ್ಣದು. ಅಲ್ಲಿಗೆ ಒಯ್ಯೂಣು. ಮೊದಲ ಅರವತ್ತೆರಡನ್ನೂ ಸಣ್ಣ ಮಾಡಬೇಕು.”

“ಆ ಜಾಗದಾಗ ಈಗ ಏನೈತಿ?”

“ಮಂಗಟ್ಟೆ ಹಕ್ಕಿ. ಮೂರು ವರ್ಷ ಅಡವಿ ತಿರುಗಿ ತಗದ ಫೋಟೋ.” ಹೇಳುತ್ತಲೇ ಅವನು ಎಲ್ಲವನ್ನೂ ಆರಿಸಿ ಅಳಿಸಿದ. “ಗಾಬರಿ ಆಗಬ್ಯಾಡ್ರಿ, ಪ್ರತಿ ಐತಿ. ಹಕ್ಕಿಗೇನು, ಇನ್ನೊಂದ ಗಿಡ ಸಿಗ್ತೈತಿ.”

ಒಂದೊಂದೇ ಫೋಟೋ ತೆರೆದು, ಕುಗ್ಗಿಸಿ, ಉಳಿಸಿದರು. ಅಪ್ಪನ ಹೊಸ ಟೊಪ್ಪಿಗೆ, ಹೊಳೆಯ ಬಂಡೆ, ಒಲೆಯ ಮುಂದೆ ಅವ್ವ ಮಾಲವ್ವ. ಮೂವತ್ತನೆಯದರ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಾಗದ ಮಧ್ಯಾಹ್ನದಲ್ಲಿ ಇಬ್ಬರೂ ಕಪ್ಪು ಪರದೆಯ ಮುಂದೆ ಕೂತರು. ಗಾಜಿನಲ್ಲಿ ಎರಡು ಮುಖ ಪಕ್ಕಪಕ್ಕ ಕಂಡವು. ಇಬ್ಬರೂ ನೋಡಿದರು, ಇಬ್ಬರೂ ನೋಡಲಿಲ್ಲ ಎಂಬಂತೆ ಇದ್ದರು. ಕರೆಂಟು ಬೇಗ ಬಂದದ್ದು ಮಧುಮತಿಗೆ ಹಿಡಿಸಲಿಲ್ಲ.

ನಾಲ್ಕೂವರೆಗೆ ಎಲ್ಲ ಏರಿತು. ಕೊನೆಗೆ ದುಂಡೇಶ ಹೆಸರಿಗೆ ಹೊಸ ಜಾಗದ ವಿಳಾಸ ಹೊಂದಿಸಿದ.

“ಹೆಸರು ಬ್ಯಾರೆ, ಜಾಗ ಬ್ಯಾರೆ. ಮನಿ ಬದಲು ಮಾಡಿದ್ರೂ ಹೆಸರು ಅದ. ಆದ್ರ ಹೊಸ ವಿಳಾಸ ಊರೂರಿಗೆ ತಿಳಿಯಾಕ ಹೊತ್ತು ಹಿಡೀತೈತಿ. ನಾಕ ತಾಸು, ಒಮ್ಮೊಮ್ಮೆ ಪೂರಾ ದಿನ.”

“ಹನ್ನೊಂದರೊಳಗ ಪುಣೆಗೆ ತಿಳೀತೈತೇನು?”

“ಅದು ನನ್ನ ಕೈಯಾಗಿಲ್ರಿ.”

ಮರುದಿನ ಅವಳು ಮೊದಲ ಬಸ್ಸಿಗೇ ಬಂದಳು. ಸೆಕ್ರೆಟರಿಗೆ ಈ ಅಂಗಡಿಯ ಫೋನ್ ನಂಬರೇ ಕೊಟ್ಟಿದ್ದಳು. ಒಂಬತ್ತಕ್ಕೆ ಬಿಳಿ ಹಾಳೆ. ಹತ್ತಕ್ಕೆ ಬಿಳಿ ಹಾಳೆ. ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು. ದುಂಡೇಶ ಬೆರಳು ನೋಯುವಷ್ಟು ಸಲ ಗುಂಡಿ ಒತ್ತಿದ. ಅವೇ ಎರಡು ಸಾಲು.

ಮುಗಿಯಿತು, ಅಂದುಕೊಂಡಳು ಮಧುಮತಿ. ಧಾರವಾಡದಲ್ಲಿ ಹೊಳೆ ಇಲ್ಲ. ಐದರ ಬಸ್ಸೂ ಇರುವುದಿಲ್ಲ...

“ಬಿಡ್ರಿ. ನೀವು ಮಾಡೂದು ಮಾಡೀರಿ,” ಎಂದು ಚೀಲ ಎತ್ತಿಕೊಂಡಳು.

ಮೋಡೆಮಿಗೆ ಹಚ್ಚದ ಇನ್ನೊಂದು ಫೋನು ಬಡಿದುಕೊಂಡಿತು. ದುಂಡೇಶ ಎತ್ತಿ, ಕೇಳಿ, ಅವಳಿಗೆ ಕೊಟ್ಟ. ಅತ್ತಲಿಂದ ಮರಾಠಿ. ಮಿಲ್ಲಿನ ವಠಾರದಲ್ಲಿ ಮರಾಠಿಯವರ ನಡುವೆ ಬೆಳೆದ ಮಧುಮತಿ ಮರಾಠಿಯಲ್ಲೇ ಉತ್ತರಿಸಿದಳು. ಮೊದಲು ನಿಂತು, ಆಮೇಲೆ ಸ್ಟೂಲಿನ ಮೇಲೆ ಕೂತು. ಫೋನು ಇಟ್ಟಾಗ ಅವಳ ಕಣ್ಣು ತುಂಬಿತ್ತು.

“ಅವರಿಗೆ ಕಾಣಾಕತ್ತೈತಿ. ಎಲ್ಲಾರೂ ನೋಡ್ಯಾರ. ಡಿಸೆಂಬರಿಗೆ ಬರ್ತಾರಂತ, ಮೂವತ್ತಲ್ಲ, ನಲವತ್ತು ಮಂದಿ. ಆ ಅಮ್ಮ ಮಾಡಿದ ರೊಟ್ಟೀನ ಬೇಕಂತ.”

“ಪುಣೆಗೆ ತಿಳದೈತಿ, ದಾಂಡೇಲಿಗೆ ಇನ್ನೂ ತಿಳದಿಲ್ಲ ನೋಡ್ರಿ.”

“ದಾಂಡೇಲಿಯವ್ರಿಗೆ ಎಲ್ಲಾ ತಡಾನ,” ಎಂದಳು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅಂಗಡಿ ಬಹಳ ಸಣ್ಣದೆನಿಸಿತು.

ದುಂಡೇಶ ಹೆಸರಿನ ನೋಂದಣಿಯ ಪುಟ ತೆರೆದ. ಮಾಲೀಕರು ಎಂಬಲ್ಲಿ ತನ್ನ ಹೆಸರು ಅಳಿಸಿ ‘ಮಧುಮತಿ ಶೇಖಪ್ಪ’ ಎಂದು ಬರೆದ.

“ಅವತ್ತ ಫಾರ್ಮಿಗೆ ಇ-ಮೇಲ್ ಬೇಕಿತ್ತು, ನಿಮಗ ಇರಲಿಲ್ಲ. ನಂದು ಹಾಕಿದ್ನಿ. ನೀವು ಇ-ಮೇಲ್ ಕಲ್ತ ದಿನಾನ ಬದಲು ಮಾಡಬೇಕಿತ್ತು. ಮಾಡಲಿಲ್ಲ.”

“ಯಾಕ?”

ಅವನು ಕೀಬೋರ್ಡು ನೋಡುತ್ತಲೇ ಹೇಳಿದ. “ಎಲ್ಲಾ ನಿಮ್ಮ ಕೈಯಾಗ ಬಂದ್ರ ನೀವು ಇಲ್ಲಿಗೆ ಬರೂದು ನಿಲ್ತೈತಿ ಅನ್ನಿಸ್ತು. ಹದಿನೈದ ದಿನಕ್ಕೊಮ್ಮೆ ನೀವು ಬರ್ತೀರಂತ ಹದಿನಾಕ ದಿನ ಅಂಗಡಿ ತಗೀತಿದ್ನಿ. ತಪ್ಪ ಮಾಡೇನಿ. ನಿಮ್ಮ ಮನಿ ಹೆಸರು ನಾ ಇಟ್ಕೋಬಾರದಿತ್ತು.”

ಮಧುಮತಿ ಪರದೆಯತ್ತ ಬಾಗಿದಳು. ಮಾಲೀಕರ ಕೆಳಗೆ ಇನ್ನೊಂದು ಸಾಲಿತ್ತು: ತಾಂತ್ರಿಕ ವಿಷಯಕ್ಕೆ ಸಂಪರ್ಕಿಸಬೇಕಾದವರು. ಅಲ್ಲಿ ಇನ್ನೂ ದುಂಡೇಶನ ಹೆಸರೇ ಇತ್ತು. ಅವನು ಮೌಸನ್ನು ಅತ್ತ ಒಯ್ದ.

“ಇಲ್ಲೂ ತಗೀತೇನಿ. ಹಳಿಯಾಳದಾಗ ಸಾತಪ್ಪ ಅಂತ ಗೆಳೆಯ ಅದಾನ, ನನಗಿಂತ ಶಾಣ್ಯಾ. ಏನ ಕೆಟ್ರೂ ಫೋನಿನ್ಯಾಗ ಹೇಳ್ತಾನ. ಅವನ ಹೆಸರು ಹಾಕೂಣು. ಇನ್ನ ಯಾರೂ ನಿಮಗ ಏನೂ ಅನ್ನಂಗಿಲ್ಲ. ನೀವೂ ಬಸ್ಸು ಹಿಡದು ಇಲ್ಲಿ ತನಕಾ ಬರೂ ತ್ರಾಸಿಲ್ಲ.”

ಮಧುಮತಿ ಮೌಸಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಬಾಣದ ಗುರುತು ಪರದೆಯ ಮೇಲೆ ಅಲ್ಲೇ ನಿಂತಿತು.

“ಹಾಕಲೇನ್ರಿ ಸಾತಪ್ಪನ ಹೆಸರು?”

“ಒಲ್ಲೆ,” ಎಂದಳು ಮಧುಮತಿ.