ಗಾಜಿನ ಗೋಡೆಯ ಎಡಬದಿ

ಕಬ್ಬಿಣದ ರಾಡಿನ ಮೊದಲ ಏಟಿಗೆ ಅವಳ ಕಂಪ್ಯೂಟರಿನ ಪರದೆ ಪುಡಿಯಾಯಿತು. ಎರಡನೆಯದಕ್ಕೆ ಮೇಜು ಸೀಳಿತು.

"ಎಪ್ಪತ್ತೆರಡನೇ ಗಾಜು. ನಂಬರ್ ಹಾಕಿದ್ದು ನೀವೇ ತಾನೇ? ಮೂರನೇ ಮಹಡಿಯಿಂದ ನಮ್ಮಣ್ಣನ ಮೇಲೆ ಬಿತ್ತು ಅದು."

ರಾಡು ಹಿಡಿದವನ ಅಂಗಿಯೆಲ್ಲ ಅಣ್ಣನ ರಕ್ತ. ಆ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಆದರೆ ದನಿ... ಆ ದನಿ ಗೊತ್ತಿತ್ತು.

ಆರು ತಿಂಗಳಿಂದ ದಿನಾ ಫೋನಿನಲ್ಲಿ ಕೇಳಿದ ದನಿ ಅದು. ಕಟ್ಟಡದ ಗಾಜಿನ ಗೋಡೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಒಂದೊಂದು ಗಾಜಿಗೂ ನಂಬರು ಕೊಟ್ಟು, ಅಳತೆಯ ಪಟ್ಟಿ ಮಾಡುವವಳು ಅವಳು. ಆ ನಂಬರು ಹಿಡಿದು ಗಾಜು ಕೂರಿಸುವ ಮೇಸ್ತ್ರಿ ಅವನು. 'ನಂಬರ್ ಮೇಡಂ, ಊಟ ಆಯ್ತಾ' ಎಂದು ಶುರುವಾದ ಮಾತು ಗಾಜಿನ ವಿಷಯ ಮುಗಿದ ಮೇಲೂ ಅರ್ಧ ಗಂಟೆ ಎಳೆಯುತ್ತಿತ್ತು. ಮೊದಲ ಭೇಟಿಗೆ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಅವಳು ಮನಸ್ಸಿನಲ್ಲೇ ಹತ್ತು ಸಲ ಆರಿಸಿದ್ದಳು. ಅವನು ರಾಡು ಹಿಡಿದು ಬರುತ್ತಾನೆಂದು ಕನಸಿನಲ್ಲೂ ನೆನೆಸಿರಲಿಲ್ಲ.

"ಎಡದಿಂದ ಎಣಿಸಿ ಅಂತ ನೀವೇ ಹೇಳಿದ್ರಿ."

"ಹೌದು... ನೀವು ಎಲ್ಲಿ ನಿಂತು ಎಣಿಸಿದ್ರಿ?"

"ಕಟ್ಟಡದ ಒಳಗೆ. ಇನ್ನೇನು ಗಾಳೀಲಿ ನಿಂತು ಎಣಿಸ್ಲಾ?"

ಅವಳಿಗೆ ಈಗ ಹೊಳೆಯಿತು. ಅವಳ ಚಿತ್ರ ಹೊರಗಿನಿಂದ ನೋಡಿದ ಗೋಡೆಯದು. ಹೊರಗಿನ ಎಡ ಒಳಗೆ ನಿಂತವನಿಗೆ ಬಲ. ಅಂಚಿನ ಸಣ್ಣ ಗಾಜು ದೊಡ್ಡ ಚೌಕಟ್ಟಿನಲ್ಲಿ ಹೋಗಿ ಕೂತಿದೆ... ಹಿಡಿತವಿಲ್ಲದೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರನ ದೊಣ್ಣೆ ಅವನ ತಲೆಯ ಮೇಲೆ ಬಿತ್ತು. ಬಿದ್ದವನ ಪಕ್ಕೆಗೆ ಒದ್ದವನು ಅವಳ ಸೋದರಮಾವ, ಆ ಕಚೇರಿಯ ಯಜಮಾನ. ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ ಮೇಸ್ತ್ರಿ ಅವಳನ್ನೇ ನೋಡುತ್ತಿದ್ದ. ಪೊಲೀಸರು ಬಂದು ಎಳೆದುಕೊಂಡು ಹೋದರು.

ಮಾವನ ಲ್ಯಾಪ್‌ಟಾಪಿನಲ್ಲಿ ಅವಳು ಆ ಗೋಡೆಯ ಚಿತ್ರದ ಹಾಳೆ ತೆರೆದಳು. 'ಹೊರಗಿನಿಂದ ನೋಡಿದಂತೆ' ಎಂಬ ಸಾಲು ಮೂಲ ಚಿತ್ರದಲ್ಲಿತ್ತು. ಸೈಟಿಗೆ ಕಳಿಸಲು ಅದನ್ನು ನಕಲು ಮಾಡುವಾಗ ಗೋಡೆ ಮಾತ್ರ ಬರುವ ಆಯ್ಕೆಯನ್ನು ಒತ್ತಿದ್ದಳು. ಬರಹವೆಲ್ಲ ಹಿಂದೆಯೇ ಉಳಿದಿತ್ತು. ನಂಬರುಗಳನ್ನು ಮತ್ತೆ ಹಾಕಿದ್ದಳು. ಆ ಒಂದು ಸಾಲನ್ನು ಮರೆತಿದ್ದಳು.

ತಪ್ಪು ಅವಳದೇ.

ಮಾವ ಬಗ್ಗಿ ನೋಡಿದ. "ಈಗ ಆ ಸಾಲು ಸೇರ್ಸು. ಹಳೇ ತಾರೀಖು ಹಾಕಿ ಪ್ರಿಂಟ್ ತೆಗಿ. ಮೇಸ್ತ್ರಿ ಜೈಲಿಗೆ ಹೋಗ್ತಾನೆ, ನಮ್ಮ ತಲೆನೋವು ಮುಗಿಯುತ್ತೆ."

"ಆಗಲ್ಲ ಮಾವ."

"ತಂದೆ ಇಲ್ಲದ ಹುಡುಗಿ ಅಂತ ಸಾಕಿದ್ನಲ್ಲ, ಅದಕ್ಕೆ ಇದಾ?"

"ಸಾಕಿದ್ದಕ್ಕೆ ನನ್ನ ಜೀವ ಕೇಳಿ, ಕೊಡ್ತೀನಿ. ಅವರದ್ದು ಕೇಳ್ಬೇಡಿ."

ಕೆನ್ನೆಗೆ ಬಿದ್ದ ಏಟಿಗೆ ತುಟಿ ಒಡೆಯಿತು. ಮಾವ ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಕಣ್ಣಿಗೆ ಕತ್ತಲೆ ಕವಿಯಿತು. 'ಅವರಣ್ಣನಿಗೆ ಇದಕ್ಕಿಂತ ಎಷ್ಟು ನೋವಾಗಿರಬೇಕು...'

ಕೈಗೆ ಸಿಕ್ಕ ಸ್ಟೀಲ್ ಸ್ಕೇಲಿನಿಂದ ಮಾವನ ಮಣಿಕಟ್ಟಿಗೆ ಬಾರಿಸಿದಳು. ಹಿಡಿತ ಸಡಿಲವಾಯಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮುಂದೆ ಎಲ್ಲವನ್ನೂ ತೆರೆದು ತೋರಿಸಿ, ತಪ್ಪು ತನ್ನದೆಂದು ಬರೆದು ಸಹಿ ಹಾಕಿದಳು. ಕರೆದಾಗ ಬರಬೇಕೆಂದು ಹೇಳಿ ಸಂಜೆಗೆ ಅವಳನ್ನೂ ಮೇಸ್ತ್ರಿಯನ್ನೂ ಬಿಟ್ಟರು.

ಲಾಕಪ್ಪಿನಲ್ಲೂ ಒದೆ ತಿಂದಿದ್ದ ಅವನು ಕುಂಟುತ್ತ ಬಂದು ಅವಳ ಬೆಂಚಿನ ಮುಂದೆ ನಿಂತ.

"ಯಾಕೆ ಹೇಳಿದ್ರಿ? ಕೇಸು ನಿಮ್ಮ ಮೇಲೇ ಬೀಳುತ್ತೆ."

"ಗೊತ್ತು."

"ನಾನು ಎತ್ತಿದ ರಾಡು ನಿಮ್ಮ ತಲೆಗೇ ಬೀಳ್ಬಹುದಿತ್ತು. ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ."

"ಅದೂ ಗೊತ್ತು. ನಾಳೆ ನಿಮ್ಮ ಫೋನ್ ಬರ್ದೇ ಇದ್ರೆ ಹೇಗಿರೋದು... ಅದೊಂದೇ ಗೊತ್ತಿಲ್ಲ."

ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಅವಳೂ ಅತ್ತಳು. ಒಡೆದ ತುಟಿ ಉರಿಯುತ್ತಿತ್ತು.

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಣ್ಣನಿಗೆ ಪ್ರಜ್ಞೆ ಬಂದಿದೆ," ಎಂದ ಕಣ್ಣೊರೆಸಿಕೊಂಡು. "ಒಂದು ಕಾಲು ಹೋಯ್ತು. ನಂಬರ್ ಹಾಕಿದೋರನ್ನ ಕರ್ಕೊಂಡು ಬಾ ಅಂದ್ನಂತೆ."

"ಬೈಯೋಕಾ?"

"ಬೈಯೋಕೇ."

ಅವಳು ಎದ್ದು ನಿಂತಳು.

"ನೀವೂ ಅಲ್ಲೇ ಇರ್ತೀರಾ... ಅಣ್ಣನ ಪಕ್ಕ?"

ಅವನು ಅವಳ ಕೈ ಹಿಡಿದುಕೊಂಡ.

"ಅಣ್ಣನ ಪಕ್ಕ ಅತ್ತಿಗೆ ಇದ್ದಾರೆ. ನಾನು ನಿಮ್ಮ ಪಕ್ಕ ಇರ್ತೀನಿ."