ನೂರ ಎಂಬತ್ನಾಲ್ಕು ಕಿಲೋ

“ಗಾಡೀನ ಓಡಿಸ್ಕೋ. ಇಲ್ಲಾಂದ್ರೆ ಒರೆಸಿ ಒಂದು ಕಡೆ ನಿಲ್ಲಿಸ್ಕೋ. ಆದ್ರೆ ಅದರ ಮೈಯಿಂದ ಒಂದು ತಿರುಪೂ ಕಡಿಮೆ ಮಾಡ್ಬೇಡ ಕಣಪ್ಪ,” ಎಂದಳು ಮುದುಕಿ. “ಎಷ್ಟು ಕಳೀತೀಯೋ ಅಷ್ಟೇ ತೂಕಾನ ಕಳೆದವನ ಮನೆಯಿಂದ ಅದು ಕಿತ್ಕೊಳ್ಳುತ್ತೆ.”

ಬಂದ ನಗುವನ್ನು ಮೈಕ್ರೋ ಕೆಮ್ಮಾಗಿ ತಿರುಗಿಸಿಕೊಂಡ.

“ನಮ್ಮನೇಲಿ ಕಿತ್ಕೊಳ್ಳೋಕೆ ಏನಿದೆ ಅಮ್ಮಾ? ನಾನು, ನಮ್ಮಕ್ಕ, ಅವಳ ಹೊಲಿಗೆ ಮಿಷನ್ನು. ಅಕ್ಕನ ತೂಕದಲ್ಲಿ ಸ್ವಲ್ಪ ಕಿತ್ಕೊಂಡ್ರೆ ಅವಳೇ ಬಂದು ನಿಮ್ಮ ಕಾಲಿಗೆ ಬೀಳ್ತಾಳೆ.”

ಮುದುಕಿ ಬೀಗದ ಕೈ ಹುಡುಕಿ ತೆಗೆದಳು.

ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುವುದು ಅವನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದ ಸಾಮಾನನ್ನು ಎತ್ತಿ ಬಿಸಾಡುತ್ತಿದ್ದುದರಿಂದ ಜೊತೆಗಾರರು ಇಟ್ಟ ಹೆಸರು ಮೈಕ್ರೋ. ಅಳೆದು ನೋಡದ ಯಾವುದನ್ನೂ ನಂಬುವ ಆಸಾಮಿಯಲ್ಲ. ಅಕ್ಕನ ಜೊತೆ ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟೂ ಭಾನುವಾರ ಈ ಬಾಗಿಲಿಗೆ ಬಂದು ಗಾಡಿ ಕೊಡಿ ಎಂದು ಗೋಗರೆದಿದ್ದ. ಮುದುಕಿಯ ಕಣ್ಣಿಗೆ ಪೊರೆ ಕವಿದು, ಗಾಡಿ ಒರೆಸುವುದೂ ಆಗದೆ ಹೋದ ಮೇಲೆ ಅವಳು ಸೋತಿದ್ದಳು.

ಹಿತ್ತಲ ಕೋಣೆಯಲ್ಲಿ ಹಳಸಿದ ಪೆಟ್ರೋಲಿನ, ಇಲಿ ಹಿಕ್ಕೆಯ, ಒದ್ದೆ ಗೋಣಿಯ ವಾಸನೆ. ಅವಳು ಹೊದಿಕೆ ಎಳೆದಳು. ಐವತ್ತು ವರ್ಷದ ಹಳೆಯ ಬೈಕು, ಕಪ್ಪು ಟ್ಯಾಂಕು, ಎಮ್ಮೆಯ ಬೆನ್ನಿನಂಥ ಮಡ್‌ಗಾರ್ಡು. ಅವನು ಬಗ್ಗಿ ಟಾರ್ಚು ಬಿಟ್ಟ. ಟ್ಯಾಂಕಿನ ಅಡಿಯಲ್ಲಿ, ಚಾಸಿಯ ಮುಖ್ಯ ಕೊಳವೆಗೆ ಅಂಗೈಯಗಲದ ತಾಮ್ರದ ತಗಡೊಂದನ್ನು ಬೆಸೆದಿದ್ದರು. ಅದರ ಮೇಲೆ ಮೊಳೆಯಿಂದ ಗೀರಿದ ಒಂಬತ್ತು ಚೌಕದ ಮನೆಗಳು. ಮನೆಗೊಂದರಂತೆ ಚುಕ್ಕಿ. ತಗಡಿನ ಸಂದಿಯಿಂದ ಉದ್ದನೆಯ ಕೂದಲೊಂದು ಇಣುಕುತ್ತಿತ್ತು.

“ಇದೇನಾ ನಿಮ್ಮ ಮಾಟ?” ಉಗುರಿನಿಂದ ಕೂದಲನ್ನು ಮೀಟಿದ. “ಹತ್ತು ಗ್ರಾಮೂ ಇಲ್ಲ. ಇರ್ಲಿ ಬಿಡಿ.”

ಅವನು ಗಾಡಿ ತಳ್ಳಿಕೊಂಡು ಹೋಗುವಾಗ ಮುದುಕಿ ಗೇಟಿನ ಸರಳು ಹಿಡಿದು ನಿಂತೇ ಇದ್ದಳು.

*

ಗಾಡಿ ಮೊಂಡು ಎತ್ತು. ನೆಟ್ಟಗೆ ಹೋಗುವಾಗ ಸಾಧು, ತಿರುವು ಬಂತೆಂದರೆ ಹ್ಯಾಂಡಲ್ಲು ಕೈಯಲ್ಲಿ ಗದಗದ ನಡುಗುತ್ತಿತ್ತು. ತೊಂಬತ್ತರ ಮೇಲೆ ವೇಗದ ಮುಳ್ಳು ಏಳುತ್ತಿರಲಿಲ್ಲ. ಊರಾಚೆ ಪಾಳುಬಿದ್ದ ವಿಮಾನದ ಓಡುದಾರಿಯಲ್ಲಿ ಎರಡು ತಿಂಗಳ ನಂತರ ಹಳೇ ಗಾಡಿಗಳ ಪಂದ್ಯವಿತ್ತು. ನೂರಿಪ್ಪತ್ತು ಮುಟ್ಟಿಸಲೇಬೇಕೆಂದು ಮೈಕ್ರೋ ಹಟ ಹಿಡಿದ. ವರ್ಕ್‌ಶಾಪಿನ ಯಜಮಾನರು ಹಿಂದಿನ ಖಾಲಿ ಷೆಡ್ಡನ್ನು ಬಿಟ್ಟುಕೊಟ್ಟರು. ತುಂಬು ಸಂಸಾರದ, ತುಂಬು ಮನಸ್ಸಿನ ಮನುಷ್ಯ. ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಂದು ದಿನಕ್ಕೆ ಹತ್ತು ಸಲವಾದರೂ ಮನೆಯ ಸುದ್ದಿ ತೆಗೆಯದೆ ಇರುತ್ತಿರಲಿಲ್ಲ.

“ಎಂಜಿನ್ನಿಗೆ ಶಕ್ತಿ ಇದೆ ಸಾರ್, ಭಾರ ಹೆಚ್ಚಾಯ್ತು,” ಎಂದ ಮೈಕ್ರೋ. “ಮೈ ಇಳಿಸಿದ್ರೆ ತಿರುವಲ್ಲೂ ಬಾಗುತ್ತೆ, ಓಟಾನೂ ಬರುತ್ತೆ.”

ಸಾಮಾನು ತೂಗುವ ಯಂತ್ರದ ಮೇಲೆ ಗಾಡಿ ಹತ್ತಿಸಿದ. ನೂರ ಎಂಬತ್ನಾಲ್ಕು ಕಿಲೋ. ಮಡ್‌ಗಾರ್ಡು, ಕ್ಯಾರಿಯರ್ರು, ಸಾಮಾನು ಪೆಟ್ಟಿಗೆ, ದಪ್ಪ ಸೀಟು ಬಿಚ್ಚಿ ಒಂದೊಂದನ್ನೂ ತೂಗಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಹನ್ನೆರಡು ಕಿಲೋ. ಗಾಡಿಯನ್ನು ಮತ್ತೆ ಹತ್ತಿಸಿದ.

ನೂರ ಎಂಬತ್ನಾಲ್ಕು.

ಯಂತ್ರಕ್ಕೆ ಒದ್ದ. ತೂಕದ ಬಟ್ಟು ಇಟ್ಟು ನೋಡಿದ, ಯಂತ್ರ ಸರಿಯಾಗಿಯೇ ಇತ್ತು. ಬೇರೆ ಯಂತ್ರ ತರಿಸಿದ. ನೂರ ಎಂಬತ್ನಾಲ್ಕು. ಒಂದನೇ ಕ್ಲಾಸಿನ ಮಗುವೂ ಮಾಡುವ ಕಳೆಯುವ ಲೆಕ್ಕ ಅವನೆದುರು ಸುಳ್ಳಾಗಿ ನಿಂತಿತ್ತು. ಅವತ್ತು ಓಡಿಸಿ ನೋಡಿದರೆ ಅದೇ ನಡುಕ, ಅದೇ ತೊಂಬತ್ತು.

ಮನೆಯಲ್ಲಿ ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಹಾಡು ಗುನುಗುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಬಟ್ಟೆ ಹೊಲಿದೇ ಅವನನ್ನು ಸಾಕಿದವಳು. ಎಪ್ಪತ್ತೆಂಟು ಕಿಲೋದ ಭಾರಿ ಹೆಂಗಸು, ನಕ್ಕರೆ ಕುರ್ಚಿಯೂ ನಗುತ್ತಿತ್ತು.

“ನೋಡೋ, ಉಡುಪೆಲ್ಲ ಸಡಿಲ! ಯಾವ ಪಥ್ಯಾನೂ ಇಲ್ಲ. ಎರಡೂ ಪಕ್ಕ ಹಿಡಿದು ಹೊಲ್ಕೊಂಡೆ.”

“ನೀನೊಬ್ಬಳಾದ್ರೂ ಇಳಿದ್ಯಲ್ಲ,” ಎಂದು ಅವನು ಸಿಡುಕಿ, ಅನ್ನ ಅರ್ಧಕ್ಕೇ ಬಿಟ್ಟು ಎದ್ದ.

ಮೂರು ವಾರ ಅವನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸ್ಟ್ಯಾಂಡು ತೆಗೆದ. ಉಕ್ಕಿನ ಸೈಲೆನ್ಸರ್ ತೆಗೆದ. ಬ್ರೇಕಿನ ತಟ್ಟೆಗೆ, ಹಿಂದಿನ ಹಲ್ಲುಚಕ್ರಕ್ಕೆ, ಕಾಲಿಡುವ ಪಟ್ಟಿಗೆ ಜರಡಿಯಂತೆ ತೂತು ಕೊರೆದ. ಕೊರೆಯುವಾಗ ಕಬ್ಬಿಣ ಕಾದ ವಾಸನೆ ಬರಬೇಕಿತ್ತು. ಬಂದದ್ದು ತಲೆಗೆಣ್ಣೆಯ ವಾಸನೆ. ಅಕ್ಕ ಹಚ್ಚಿಕೊಳ್ಳುವಂಥದ್ದೇ. ಡ್ರಿಲ್ಲಿನ ಬಾಯಿಂದ ಸುರುಳಿ ಸುರುಳಿಯಾಗಿ ಬಿದ್ದ ಚೂರುಗಳು ಕೈಗೆ ಬೆಚ್ಚಗೆ, ಮೆತ್ತಗೆ ಹತ್ತಿದವು. ಯಾವುದೋ ಹಳೇ ಗ್ರೀಸೆಂದು ಬೈದುಕೊಂಡು ಗುಜರಿ ಡಬ್ಬಕ್ಕೆ ಗುಡಿಸಿ ಹಾಕಿದ. ಮಾರನೆಯ ದಿನವೇ ಡಬ್ಬ ಕುಲುಮೆಗೆ ಹೋಯಿತು.

ಗೋಡೆಯ ಮೇಲಿನ ಮೊತ್ತ ಮೂವತ್ತೊಂದಾಯಿತು. ಗಾಡಿಯ ತೂಕ ನೂರ ಎಂಬತ್ನಾಲ್ಕೇ. ಅವನು ಮೈ ಪರಚಿಕೊಂಡ. ಸ್ಪ್ಯಾನರ್ ಗೋಡೆಗೆ ಬಡಿದ.

ಅದೇ ವಾರ ಅಕ್ಕ ಮಿಷನ್ನಿನ ಮೇಲೆ ತಲೆಯಿಟ್ಟವಳು ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ಎಲ್ಲವೂ ಸರಿಯಾಗಿತ್ತು.

“ಎಲ್ಲ ಸರಿ ಇದ್ರೆ ಇವಳು ಯಾಕೆ ಕಡ್ಡಿ ಥರ ಆಗಿದ್ದಾಳೆ?” ಎಂದು ಡಾಕ್ಟರ ಮೇಲೆ ಕೂಗಾಡಿದ.

“ಗಾಡಿ ಮೇಲಿನ ಸಿಟ್ಟು ಅವರ ಮೇಲೆ ಯಾಕೋ?” ಅಕ್ಕನ ದನಿ ಸೂಜಿಯಷ್ಟಾಗಿತ್ತು.

ನರ್ಸು ಚೀಟಿಯ ಮೇಲೆ ಬರೆದುಕೊಳ್ಳುತ್ತ ಗಟ್ಟಿಯಾಗಿ ಹೇಳಿದಳು: “ನಲವತ್ತೇಳು.”

ಎಪ್ಪತ್ತೆಂಟರಲ್ಲಿ ನಲವತ್ತೇಳು ಕಳೆದರೆ? ಮೈಕ್ರೋ ಬೆರಳಲ್ಲೇ ಎಣಿಸಿದ. ಮೂವತ್ತೊಂದು.

*

ಕಾಕತಾಳೀಯ. ಹಾಗೆಂದು ನೂರು ಸಲ ಹೇಳಿಕೊಂಡ. ಹೇಳಿಕೊಂಡಷ್ಟೂ ಸಿಟ್ಟು ಬಂತು. ಅಳೆದೇ ಬಿಡೋಣ, ಪೀಡೆ ತೊಲಗಲಿ ಎಂದು, ಅಕ್ಕ ಮನೆಗೆ ಬಂದ ಮರುದಿನ ಬೆಳಿಗ್ಗೆ ಷೆಡ್ಡಿನಿಂದ ಫೋನು ಮಾಡಿದ.

“ಅಕ್ಕಾ, ನಾನು ತಂದಿಟ್ಟಿರೋ ತೂಕದ ಮಿಷನ್ ಮೇಲೆ ನಿಂತ್ಕೊ. ಎಷ್ಟಿದೆ?”

“ನಲವತ್ತೇಳು. ಯಾಕೋ?”

“ಹಾಗೇ ನಿಂತಿರು.”

ಇದ್ದುದರಲ್ಲಿ ಹಗುರವಾದದ್ದನ್ನು ಹುಡುಕಿದ. ಹಾರನ್ನಿನ ಮುಚ್ಚಳ, ಇನ್ನೂರು ಗ್ರಾಂ. ತಿರುಪು ತಿರುಗಿಸಿದ. ಮುಚ್ಚಳ ಕೈಗೆ ಬಂತು.

ಫೋನಿನಲ್ಲಿ ಸರ್ರನೆ ಏನೋ ಕಿತ್ತ ಸದ್ದಾಯಿತು.

“ಅಕ್ಕಾ?”

“ಲೋ…” ಅವಳು ಅಳುತ್ತಿರಲಿಲ್ಲ. ಅಳುವಷ್ಟು ಅರ್ಥವಾಗಿರಲಿಲ್ಲ. “ಜಡೆ… ನನ್ನ ಜಡೆ ಬುಡಸಮೇತ ಕೈಗೆ ಬಂತು ಕಣೋ.”

ಮುಚ್ಚಳವನ್ನು ಮತ್ತೆ ಕೂರಿಸುವಾಗ ತಿರುಪು ಮೂರು ಸಲ ಕೆಳಗೆ ಬಿತ್ತು.

ಮುದುಕಿಯ ಬಾಗಿಲು ತೆರೆದೇ ಇತ್ತು. ಅವನ ಹೆಜ್ಜೆ ಕೇಳಿಯೇ ಅವಳು ತಲೆ ತಗ್ಗಿಸಿದಳು.

“ನಾನೇ ಮಾಡಿಸಿದ್ದು,” ಎಂದಳು. “ನನ್ನ ಗಂಡ ಪಂದ್ಯಕ್ಕೆ ಹೋಗೋ ಹಿಂದಿನ ದಿನ ಅವರ ಸ್ನೇಹಿತ ಈ ಗಾಡಿ ಚಕ್ರದ ಒಳ್ಳೇ ಅಚ್ಚು ಬಿಚ್ಕೊಂಡು ತನ್ನ ಗಾಡಿಗೆ ಹಾಕ್ಕೊಂಡ. ಇದಕ್ಕೆ ಸವೆದಿದ್ದು ತುರುಕಿದ. ಇವರು ತಿರುವಲ್ಲೇ ಹೋದ್ರು. ಆಮೇಲೆ ಗಾಡಿ ರಿಪೇರಿ ನೆಪದಲ್ಲಿ ಮಿಕ್ಕಿದ್ದಕ್ಕೂ ಕೈ ಹಾಕ್ದ. ಹೊಟ್ಟೆ ಉರೀತು. ನನ್ನ ಕೂದಲೇ ಕೊಟ್ಟು ಕಟ್ಟಿಸಿದೆ. ಅವನು ಮತ್ತೆ ಬಿಚ್ದ, ಅವನ ಹೆಂಡ್ತಿ ಕರಗಿ ಹೋದ್ಲು. ಅವಳು ಏನು ತಪ್ಪು ಮಾಡಿದ್ಲು ಹೇಳು?”

“ಬಿಚ್ಚಿ ಈ ಮಾಟಾನ! ಈಗಲೇ!”

“ಕಟ್ಟಿದವನು ಸತ್ತು ಎಷ್ಟೋ ವರ್ಷ ಆಯ್ತು. ತೆಗೆದಿದ್ದನ್ನೆಲ್ಲ ವಾಪಸ್ ಹಾಕು. ಅದದೇ ಸಾಮಾನು. ಬೇರೆ ಕಬ್ಬಿಣ ಒಪ್ಪಲ್ಲ.”

“ಸ್ವಲ್ಪ ಕರಗಿ ಹೋಗಿದ್ರೆ?”

ಮುದುಕಿಯ ಪೊರೆಗಣ್ಣು ಅವನತ್ತ ತಿರುಗಿತು. “ಕೊರತೆ ಬಿದ್ದಿದ್ದನ್ನ ಕಳೆದವನ ಮೈಯೇ ತುಂಬಬೇಕು ಅಂತ ಕಟ್ಟಿದವನು ಹೇಳಿದ್ದ.”

*

ಅಕ್ಕನನ್ನು ಬೆನ್ನ ಮೇಲೆ ಹೊತ್ತು ತಂದ. ಬಟ್ಟೆಯ ಗಂಟಿನಷ್ಟೇ ಭಾರ. ರಜಾ ದಿನದ ಮಧ್ಯಾಹ್ನ, ವರ್ಕ್‌ಶಾಪಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಯಾರೂ ನೋಡಬಾರದೆಂದು ಷಟರ್ ಎಳೆದ. ಕಿಟಕಿಯಿಲ್ಲದ ಷೆಡ್ಡಿನಲ್ಲಿ ಒಂದೇ ಮಂಕು ಬಲ್ಬು. ಅದರ ಬೆಳಕು ಗಾಡಿಯವರೆಗೆ ಹೋಗಿ ಅಲ್ಲಿಯೇ ಇಂಗುತ್ತಿತ್ತು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೆಲಸಕ್ಕೆ ಬಿದ್ದ. ಸ್ಟ್ಯಾಂಡು ಹಾಕಿ ಬಿಗಿದ. ಅಕ್ಕನ ಕೆನ್ನೆಗೆ ಬಣ್ಣ ಬಂತು. ಸೈಲೆನ್ಸರ್. ಮೊಣಕೈ ತುಂಬಿಕೊಂಡಿತು. ಕ್ಯಾರಿಯರ್, ಪೆಟ್ಟಿಗೆ, ಸೀಟು, ಮಡ್‌ಗಾರ್ಡು. ಕತ್ತಲಲ್ಲಿ ಟಪ್ ಎಂದಿತು. ಮತ್ತೆ ಟಪ್, ಟಪ್. ಅವಳು ಹಿಡಿದು ಹೊಲಿದುಕೊಂಡಿದ್ದ ಹೊಲಿಗೆಗಳು ಒಂದೊಂದಾಗಿ ಹರಿಯುತ್ತಿದ್ದವು. ಬೋಳು ನೆತ್ತಿಯಲ್ಲಿ ಕೂದಲು ಮುಳ್ಳಿನಂತೆ ಎದ್ದಿತ್ತು. ಕೊನೆಯ ತಿರುಪು ಬಿಗಿದು ಅವನು ನಗುತ್ತ ತಿರುಗಿದ.

ಅಕ್ಕ ಎದೆ ಒತ್ತಿಕೊಂಡಿದ್ದಳು. ತುಟಿ ನೀಲಿಯಾಗಿತ್ತು.

“ಒಳಗೆ ಏನೋ ಜಾಗ ಖಾಲಿ ಇದೆ ಕಣೋ.”

ಅವನು ಅವಳ ಎದೆಗೆ ಕಿವಿಯಿಟ್ಟ. ತಲೆಗೆಣ್ಣೆಯ ವಾಸನೆ. ಬೆಚ್ಚನೆಯ ಬಟ್ಟೆ. ಸದ್ದಿಲ್ಲ. ಒಂದು ಬಡಿತವೂ ಇಲ್ಲ.

ತೂತುಗಳು. ಅವನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಇಷ್ಟು ಅಗಲ, ಇಷ್ಟು ದಪ್ಪ, ಇಷ್ಟು ತೂತು. ಮುನ್ನೂರು ಗ್ರಾಮಿನ ಆಚೀಚೆ. ಕುಲುಮೆಯಲ್ಲಿ ಕರಗಿ ಹೋದ ಮುನ್ನೂರು ಗ್ರಾಂ. ತೂತುಗಳಿಗೆ ಸೀಸ ತುರುಕಿದ, ನಟ್ಟು ತುರುಕಿದ. ಸದ್ದಿಲ್ಲ. ಬಿಕ್ಕುತ್ತ ಗಾಡಿಗೆ ಒದ್ದ. “ಏನ್ ಬೇಕೋ ನಿನಗೆ, ಹಾಳಾದ್ದೇ!”

ಅಕ್ಕನ ಕತ್ತು ಒಂದು ಕಡೆ ವಾಲಿತು.

ಬಲಗೈ ಕೆಲಸದ ಕೈ. ಅದನ್ನು ಹಿಂದಕ್ಕೆಳೆದುಕೊಂಡ. ಕಿಕ್ ಹೊಡೆದ. ಎಂಜಿನ್ನು ಒಂದೇ ಏಟಿಗೆ ಹೊತ್ತಿಕೊಂಡಿತು. ಗೇರು ಹಾಕಿದ. ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರ ಗಿರ್ರನೆ ತಿರುಗಿತು. ಚೈನು ಓಡಿತು. ಹೊಗೆ. ಗದ್ದಲ. ತೂತು ಬಿದ್ದ ಹಲ್ಲುಚಕ್ರ ಬಾಯಿ ತೆರೆದ ಹಾಗಿತ್ತು. ಎಡಗೈ ಚಾಚಿದ. ಹಿಂತೆಗೆದ. ಅಕ್ಕನ ಕೈ ಕುರ್ಚಿಯಿಂದ ಜೋತು ಬಿತ್ತು. ಕಣ್ಣು ಮುಚ್ಚಿದ. ಕೊಟ್ಟ.

ಚೈನು ಎಳೆದುಕೊಂಡಿತು. ಬೆರಳು. ಗಿಣ್ಣು. ಅಂಗೈ. ಬಿಸಿ. ಕತ್ತಲು. ತನ್ನದೇ ಕೂಗು. ಅದರ ಮೇಲೆ ಇನ್ನೊಂದು ಕೂಗು, ಗಟ್ಟಿಯಾದ, ಎದೆತುಂಬಿದ ಕೂಗು. ಅಕ್ಕನದು.

*

ಎರಡು ದಿನ ಅವನಿಗೆ ಎಚ್ಚರ ಬಂದು ಬಂದು ಹೋಯಿತು. ಸರಿಯಾಗಿ ಕಣ್ಣು ಬಿಟ್ಟಾಗ ಎಡಗೈ ಮಣಿಕಟ್ಟಿನಲ್ಲೇ ಮುಗಿದು ಬ್ಯಾಂಡೇಜಿನ ಉಂಡೆಯಾಗಿತ್ತು. ಪಕ್ಕದ ಸ್ಟೂಲು ಕಿರುಗುಟ್ಟಿತು. ಅಕ್ಕ ಗಂಜಿಯ ಚಮಚ ಹಿಡಿದು ಬಗ್ಗಿದಳು. ಅವಳ ಕತ್ತಿನ ನರ ಡುಬುಡುಬು ಹೊಡೆದುಕೊಳ್ಳುವುದನ್ನು ಅವನು ತುಂಬಾ ಹೊತ್ತು ನೋಡಿದ.

“ನಿನ್ನ ತಲೆಗಿಷ್ಟು,” ಎಂದಳು. ಚಮಚವನ್ನು ಅವನ ಬಾಯಿಗೆ ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಯಜಮಾನರು ಬಂದರು. ಅಂಗಿಯ ತುಂಬ ಮಸಿ, ಮೈಯಿಂದ ಸುಟ್ಟ ಕಬ್ಬಿಣದ ವಾಸನೆ. ಅವನ ತಲೆ ನೇವರಿಸಿದರು.

“ಕೆಲಸದ ಚಿಂತೆ ಬಿಡು. ಒಂದೇ ಕೈಯಲ್ಲಿ ಮಾಡೋವಂಥದ್ದು ನಾನು ಕೊಡ್ತೀನಿ. ಆ ದರಿದ್ರ ಗಾಡಿ ಇನ್ನು ನಿನ್ನ ಕಣ್ಣಿಗೆ ಬೀಳಲ್ಲ. ಇವತ್ತು ಬೆಳಿಗ್ಗೆ ನಾನೇ ಗ್ಯಾಸ್ ಕಟರ್ ಹಿಡಿದು ತುಂಡು ತುಂಡು ಮಾಡಿ ಕುಲುಮೆಗೆ ಹಾಕಿಸ್ದೆ. ಕರಗಿ ನೀರಾಯ್ತು. ಕಣ್ಣಾರೆ ನೋಡಿ ಬಂದೆ.”

ಅಕ್ಕನ ಕೈಯಿಂದ ಚಮಚ ಬಿತ್ತು. ಮೈಕ್ರೋ ಬಲಗೈಯೂರಿ ಏಳಲು ನೋಡಿದ.

“ಹೆದರ್ಬೇಡ, ನೀನೇನೂ ಕೊಡೋದು ಬೇಡ,” ಎಂದು ನಕ್ಕು ಯಜಮಾನರು ಜೇಬಿನಿಂದ ಫೋನು ತೆಗೆದರು. ಹುಬ್ಬು ಗಂಟಾಯಿತು. “ಅರೆ, ಮನೆಯಿಂದ ಹನ್ನೊಂದು ಸಲ ಮಾಡಿದ್ದಾರೆ. ಕಟರ್ ಗದ್ದಲದಲ್ಲಿ ಕೇಳಿಸ್ಲೇ ಇಲ್ಲ. ತಾಳು, ಏನಂತೆ ವಿಚಾರಿಸ್ತೀನಿ.”

ಅವರು ಒತ್ತಿ ಕಿವಿಗಿಟ್ಟುಕೊಂಡರು. ಗಂಟೆ ಹೋಗುತ್ತಿರುವುದು ಮಂಚದವರೆಗೂ ಕೇಳಿಸುತ್ತಿತ್ತು. ಹೆಂಡತಿ ಎತ್ತಲಿಲ್ಲ. ಮಗನಿಗೆ ಮಾಡಿದರು. ಆಮೇಲೆ ಸೊಸೆಗೆ.

“ಎಲ್ಲಿ ಹೋದ್ರೋ ಎಲ್ಲರೂ,” ಎನ್ನುತ್ತ ಯಜಮಾನರು ಮತ್ತೊಮ್ಮೆ ಒತ್ತಿದರು.