ಯಾರೂ ಎತ್ತದ ಸೊಲ್ಲು

ಕಾಲ ಯಾವುದೋ, ರಾಜ್ಯ ಯಾವುದೋ, ಹೇಳುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹುಲಿಗೆವ್ವನಿಗೆ ದಾರಿ ತಪ್ಪಿತ್ತು ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಬೆಳಗಿನಿಂದ ನಡೆದೂ ನಡೆದೂ ಅದೇ ಬನ್ನಿಮರದ ಬುಡಕ್ಕೆ ಮೂರನೆಯ ಸಲ ಬಂದು ನಿಂತಿದ್ದಳು. ಹೆಗಲ ಮೇಲೆ ಉಳಿ ಸುತ್ತಿಗೆಯ ಚೀಲ, ಕಾಲಲ್ಲಿ ಐವತ್ತಾರು ದೇಶದ ಧೂಳು, ಮೂಗಿನ ತುದಿಯಲ್ಲಿ ಸಿಟ್ಟು.

ಮರದ ನೆರಳಲ್ಲಿ ಒಬ್ಬ ಹೆಂಗಸು ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ತೂಗುತ್ತಿದ್ದಳು. ಕೂಸು ಕಿರುಚುತ್ತಿತ್ತು.

"ತಂಗೀ, ಬಾಳವ್ವ ಹಾಡೋ ಅರಮನಿಗೆ ದಾರಿ ಯಾವುದು?"

"ಕಿವಿ ಇಲ್ಲೇನ್ ಯಕ್ಕಾ? ಆಕಿ ಕೊರಳು ಕೇಳಸ್ತೈತಲ್ಲ, ಅದರ ಬೆನ್ನು ಹತ್ತಿ ಹೋಗು."

"ಬೆಳಗಿಂದ ಅದನ್ನೇ ಮಾಡೀನಿ. ಮೂಡಲಕ್ಕ ಹೋದ್ರ ಪಡುವಲದಾಗ ಕೇಳಸ್ತೈತಿ. ಪಡುವಲಕ್ಕ ಹೋದ್ರ ನೆತ್ತಿ ಮ್ಯಾಲೆ ಕೇಳಸ್ತೈತಿ."

ಹೆಂಗಸು ನಕ್ಕಳು. ಅವಳ ಮುಂಗೈ ಮೇಲೆ ಬಾಳವ್ವನ ಹೆಸರಿನ ಹಚ್ಚೆ ಇತ್ತು. ಹೊಸದು, ಇನ್ನೂ ಊದಿಕೊಂಡಿತ್ತು. "ಅದು ಮಾಂತ್ರಿಕ ಹೊಗೆಮಲ್ಲನ ಕರಾಮತ್ತು. ಎಲ್ಲಾ ದಿಕ್ಕಿಗೂ ಕೇಳ್ಲಿ ಅಂತ ಮಾಡ್ಯಾನ, ಪುಣ್ಯಾತ್ಮ. ನೀ ಕೂಸು ಅಳೋ ಕಡೆ ನಡಿ. ಅರಮನಿ ಹತ್ರ ಆದಂಗ ಅಳೋ ಕೂಸು ಜಾಸ್ತಿ ಆಗ್ತಾವ."

"ಯಾಕ ಅಳ್ತಾವ?"

"ಜೋಗುಳ ಇಲ್ಲಲ್ಲ, ಅದಕ್ಕ. ಅರಮನಿಗೆ ಮೂರು ಬಾಗಲಾ. ಒಳಗ ಹೋಗೋರು ಒಂದೊಂದು ಬಾಗಲದಾಗ ಒಂದೊಂದು ಪದ ಕೊಟ್ಟು ಹೋಗಬೇಕು. ನಾ ಮೊದಲನೇದಕ್ಕ ಜೋಗುಳ ಕೊಟ್ಟೆ. ಅಷ್ಟರಾಗ ಈ ಕೂಸು ಗದ್ದಲಾ ಮಾಡ್ತು ಅಂತ ಹೊರಗ ಹಾಕಿದ್ರು. ಹನ್ನೊಂದು ದಿನ ಆತು, ಕಣ್ಣು ಮುಚ್ಚಿಲ್ಲ. ನನಗೂ ಒಂದು ಸೊಲ್ಲು ನೆನಪಿಗೆ ಬರವಲ್ದು. ಹೋದ್ರ ಹೋತು ಬಿಡು. ಬಾಳಕ್ಕನ ಕೊರಳಿನ ಮುಂದ ನನ್ನ ಜೋಗುಳ ಯಾವ ಲೆಕ್ಕ?"

"ಕೂಸಿನ ಲೆಕ್ಕದಾಗ ಅದೊಂದೇ ಇತ್ತಲ್ಲೇ, ಹುಚ್ಚಿ."

ಹೆಂಗಸಿಗೆ ಅದು ನಾಟಲಿಲ್ಲ. "ಬಿರಬಿರನ ಹೋಗು ಯಕ್ಕಾ. ಇವತ್ತಿಗೆ ನೂರು ದಿನ. ಹೊತ್ತು ಮುಳುಗೋದ್ರಾಗ ಬಾಳಕ್ಕನ ಮೈಯೆಲ್ಲಾ ಕರಗಿ ಬರೇ ಕೊರಳು ಉಳೀತೈತಂತ. ಆಮ್ಯಾಲೆ ಆ ಕೊರಳಿಗೆ ಸಾವೇ ಇಲ್ಲಂತ."

"ಮೈ ಕರಗಿದ್ರ ಬಾಳವ್ವ ಸತ್ತಂಗಲ್ಲೇನೇ?"

"ಕೊರಳು ಉಳಿದ್ರ ಸಾಕಲ್ಲ ನಮಗ."

ಹುಲಿಗೆವ್ವನ ಕೈ ಮೇಲೆದ್ದಿತು. ಜೋಲಿಯೊಳಗಿನ ಕೂಸಿನ ಮುಖ ನೋಡಿ ಇಳಿಸಿದಳು. ತಿರುಗಿ ಅಳು ಕೇಳಿದ ಕಡೆಗೆ ನಡೆದಳು.

ಒಂದು ಕಾಲಕ್ಕೆ ಬಾಳವ್ವ, ಹುಲಿಗೆವ್ವ ಒಂದೇ ಓಣಿಯವರು. ಒಂಬತ್ತು ವರ್ಷ ಒಂದೇ ಬೀಸುಕಲ್ಲಿನ ಆಚೆ ಈಚೆ ಕೂತು ಜೋಳ ಬೀಸಿದವರು. ಆ ಸೀಮೆಯಲ್ಲಿ ಬೀಸುವ ಪದ ಒಬ್ಬರ ಹಾಡಲ್ಲ. ಒಬ್ಬಳು ಒಂದು ಸೊಲ್ಲು ಹೇಳಿ ಬಿಡುತ್ತಾಳೆ, ಎದುರಿನವಳು ಮರುಸೊಲ್ಲು ಎತ್ತಬೇಕು. ಎತ್ತಿದ ಮೇಲೆಯೇ ಮೊದಲಿನವಳು ಉಸಿರು ಎಳೆದುಕೊಂಡು ಮುಂದಿನ ಸೊಲ್ಲಿಗೆ ಹೋಗುವುದು. ಅತ್ತೆ ಸೊಸೆ ಜಗಳಕ್ಕೆ ಬಿದ್ದರೂ ಪದ ಮುಗಿಸಿ ಆಮೇಲೆ ಜಡೆಗೆ ಕೈ ಹಾಕುತ್ತಿದ್ದರು. ಎತ್ತದೆ ಎದ್ದು ಹೋದರೆ ಅದು ಸಾಲ. ಆ ಸಾಲ ಹೊತ್ತವಳಿಗೆ ಯಾವ ಊರಿನ ನೀರೂ ಹಿಡಿಸುವುದಿಲ್ಲ.

ಬಾಳವ್ವನ ಕೊರಳು ಹೇಗಿತ್ತೆಂದರೆ, ಕೇಳಿದವರಿಗೆ ತಮ್ಮ ಹೆಸರನ್ನೇ ಯಾರೋ ಪ್ರೀತಿಯಿಂದ ಕರೆದಂತಾಗುತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ಮೆಚ್ಚಿದವಳು ಹುಲಿಗೆವ್ವನೇ. ಬಾಳವ್ವ ಬೀಸುವ ಪದಕ್ಕೆ ಹಲಗೆಯ ಏಟು ಕೂಡಿಸಿದಳು, ಶಹನಾಯಿ ಕೂಡಿಸಿದಳು. ಮುದುಕಿಯರ ಪದಕ್ಕೆ ಹರೆಯದವರು ಕುಣಿದರು. ನಾಡಿಗೆ ನಾಡೇ ಹುಚ್ಚಾಯಿತು. ಹುಟ್ಟಿದ ಹೆಣ್ಣುಮಗುವಿಗೆಲ್ಲ ಬಾಳವ್ವ ಎಂದೇ ಹೆಸರು.

ರಾಜಧಾನಿಯ ಬಯಲಿನಲ್ಲಿ ಲಕ್ಷ ಜನ ಸೇರಿದ್ದ ದಿನ ಬಾಳವ್ವ ಒಂದು ಸೊಲ್ಲು ಬಿಟ್ಟಳು. ಹುಲಿಗೆವ್ವ ಎತ್ತಲು ಬಾಯಿ ತೆರೆದಳು. ಅವಳದು ಕಲ್ಲು ಕುಟ್ಟುವವರ ಮನೆತನ. ಸವೆದ ಬೀಸುಕಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ಕಸುಬು. ಬೀದಿಬೀದಿ ಕೂಗಿ ಕೊರಳೂ ಒರಟಾಗಿತ್ತು. ಒಂದು ಚಪ್ಪಲಿ ಬಂದು ಭುಜಕ್ಕೆ ಬಿತ್ತು. "ಏ ಕಾಗಿ, ಬಾಯಿ ಮುಚ್ಚು! ನಮಗ ಬಾಳಕ್ಕನ ಕೊರಳಷ್ಟ ಬೇಕು!" ಎರಡನೆಯದು ಕೆನ್ನೆಗೆ ಬಿತ್ತು. ಹುಲಿಗೆವ್ವ ಬಾಳವ್ವನ ಮುಖ ನೋಡಿದಳು. ಬಾಳವ್ವ ಜನರ ಮುಖ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ.

ಹುಲಿಗೆವ್ವ ಎದ್ದು ಹೋದಳು. ಐವತ್ತಾರು ದೇಶ ತಿರುಗಿದಳು. ಏಳು ವರ್ಷದ ಮೇಲೆ ಯಾವುದೋ ಬಂದರಿನ ಛತ್ರದಲ್ಲಿ ಸುದ್ದಿ ಸಿಕ್ಕಿತು: ಹೊಗೆಮಲ್ಲನೆಂಬ ಮಾಂತ್ರಿಕ, ಅವತ್ತು ಎತ್ತದೆ ಉಳಿದ ಆ ಸೊಲ್ಲನ್ನೇ ಗಾಳ ಮಾಡಿ ಬಾಳವ್ವನನ್ನು ಹಿಡಿದಿದ್ದಾನೆ. ಮರುಸೊಲ್ಲು ಬರುವತನಕ ಅವಳು ಅದೊಂದನ್ನೇ ಹಾಡುತ್ತಿರಬೇಕು. ನಿಲ್ಲಿಸುವಂತಿಲ್ಲ, ಮುಂದೆ ಹೋಗುವಂತಿಲ್ಲ. ಹಾಡಿದಷ್ಟೂ ಮೈ ಕರಗುತ್ತದೆ.

ಸಾಲ ಮಾಡಿದವಳು ತಾನು, ಬಡ್ಡಿ ಕಟ್ಟುತ್ತಿರುವವಳು ಅವಳು. ಆ ಸಿಟ್ಟಿಗೆ ಹುಲಿಗೆವ್ವ ನಿಂತ ಕಾಲಲ್ಲೇ ಹೊರಟಿದ್ದಳು.

ಮೊದಲನೆಯ ಬಾಗಿಲಲ್ಲಿ ಹಿತ್ತಾಳೆಯ ಹುಲಿ. "ನಿನ್ನ ಜೋಗುಳ ಕೊಡು," ಎಂದಿತು. ಅದರ ಕಣ್ಣು ಕೆಂಡದ ಹಾಗೆ ಉರಿಯುತ್ತಿತ್ತು.

"ಎಷ್ಟು ದಿನ ಆತೋ ನೀ ಮಲಗಿ?"

ಹುಲಿ ಯೋಚಿಸಿತು. "ನನಗ ನಿದ್ದಿ ಕೊಟ್ಟಿಲ್ಲ."

"ಇಷ್ಟು ಸಾವಿರ ಜೋಗುಳ ಇಸಗೊಂಡಿ, ಒಬ್ಬರರ ಹಾಡಿದ್ರೇನು ನಿನಗ? ಬರೇ ಕೊಟ್ಟು ಹೋದ್ರು. ತಲಿ ಇಡು ಇಲ್ಲಿ."

ಹುಲಿ ಅನುಮಾನದಿಂದ ಅವಳ ತೊಡೆಯ ಮೇಲೆ ತಲೆ ಇಟ್ಟಿತು. ಹುಲಿಗೆವ್ವ ಹಾಡಿದಳು. ಕಾಗೆ ಕೂಡ ಕಿವಿ ಮುಚ್ಚಿಕೊಳ್ಳುವಂಥ ಕೊರಳು. ಆದರೆ ಜೋಗುಳಕ್ಕೆ ಕೊರಳಿಗಿಂತ ತೊಡೆ ಮುಖ್ಯ. ಮೂರನೆಯ ಸೊಲ್ಲಿಗೆ ಹಿತ್ತಾಳೆಯ ಗೊರಕೆ ಕೇಳಿಸಿತು.

ಎರಡನೆಯ ಬಾಗಿಲಲ್ಲಿ ಒಂದು ಕಲ್ಲಾನೆ. ಗುಡಿಸಲಿನಷ್ಟು ದೊಡ್ಡ ಬೀಸುಕಲ್ಲನ್ನು ತಿರುಗಿಸುತ್ತಿತ್ತು. ಮೂರೂ ಬಾಗಿಲಲ್ಲಿ ಜನ ಕೊಟ್ಟ ಪದಗಳೆಲ್ಲ ಆ ಕಲ್ಲಿಗೆ ಬಂದು ಬೀಳುತ್ತಿದ್ದವು. "ಬೀಸೋ ಪದ ಕೊಡು," ಎಂದಿತು ಆನೆ.

ಹುಲಿಗೆವ್ವ ಬಗ್ಗಿ ನೋಡಿದಳು. ಕಲ್ಲು ಸವೆದು ಕನ್ನಡಿಯಾಗಿತ್ತು. ಪದಗಳು ಒಂದೂ ಪುಡಿಯಾಗದೆ ಇಡಿಯಾಗಿ ಹಿಂದೆ ಜಾರಿ, ಗುಡ್ಡೆ ಬಿದ್ದು, ಹಿಡಿದ ಮೀನಿನ ಹಾಗೆ ಮಿಸುಕುತ್ತಿದ್ದವು.

"ಕೊಟ್ಟೇನು ಉಪಯೋಗ? ನಿನ್ನ ಕಲ್ಲು ಬೀಸವಲ್ದು."

"ಅದಕ್ಕ ಒಡೆಯ ದಿನಾ ಅಂಕುಶದಿಂದ ತಿವೀತಾನ," ಎಂದು ಆನೆ ಕಣ್ಣೀರು ಹಾಕಿತು. "ನಿನ್ನ ಚೀಲದಾಗ ಉಳಿ ಐತಿ. ಕಲ್ಲು ಸರಿ ಮಾಡಿಕೊಡು ಯವ್ವಾ, ನಿನ್ನ ಪದ ನಾ ಕೇಳೂದಿಲ್ಲ."

ಹುಲಿಗೆವ್ವ ಕೂತಳು. ಸರಿ ಮಾಡಿದರೆ ನಾಡಿನ ಪದಗಳೆಲ್ಲ ಹಿಟ್ಟಾಗುತ್ತವೆ. ಹಾಗಾಗಿ ಬಾಯಲ್ಲಿ "ಹ್ಞೂಂ, ಹ್ಞೂಂ" ಅನ್ನುತ್ತ, ಉಳಿಯ ತಲೆಗೆ ಠಣಠಣ ಬಡಿಯುತ್ತ, ಅಲ್ಲಲ್ಲಿ ಉಳಿದಿದ್ದ ಒರಟನ್ನೂ ನುಣ್ಣಗೆ ಮಾಡಿಟ್ಟಳು. ಜೀವಮಾನದಲ್ಲಿ ಕಸುಬಿಗೆ ದ್ರೋಹ ಮಾಡಿದ್ದು ಅದೊಂದೇ ಸಲ. ಆನೆ ಸೊಂಡಿಲೆತ್ತಿ ಕೈ ಮುಗಿಯಿತು.

ಮೂರನೆಯ ಬಾಗಿಲ ಮೇಲೆ ರಣಹದ್ದು ಕೂತಿತ್ತು. "ಸತ್ತವರ ಮುಂದೆ ಅಳೋ ಪದ ಕೊಡು," ಎಂದಿತು.

"ಯಾರು ಸತ್ತಾರ?"

"ಯಾರೂ ಇಲ್ಲ."

"ಐವತ್ತಾರು ದೇಶ ನೋಡೀನಿ ನಾನು. ಯಾರೂ ಸಾಯದಿದ್ರೂ ಆ ಪದ ಕೇಳಿದ್ರ, ಎಲ್ಲಾ ದೇಶದಾಗೂ ಕೇಳಿದವರೇ ಸತ್ತಾರ. ಶುರು ಮಾಡ್ಲೇನು?"

ಹದ್ದು ಅವಳ ಮುಖ ನೋಡಿತು. ಸುಳ್ಳೋ ನಿಜವೋ ತಿಳಿಯಲಿಲ್ಲ. ತಿಳಿಯುವ ಧೈರ್ಯವೂ ಇರಲಿಲ್ಲ. ರೆಕ್ಕೆ ಬಿಚ್ಚಿ ಹಾರಿಹೋಯಿತು.

ಒಳಗೆ ಹೋದ ಹುಲಿಗೆವ್ವನ ಕಾಲು ಅಲ್ಲೇ ನಿಂತುಬಿಟ್ಟಿತು. ಸಾವಿರಾರು ಜನ ಸಾಲಾಗಿ ಕೂತಿದ್ದರು. ಅವರ ಕಿವಿಗಳು ಮೊರದಗಲ ಬೆಳೆದಿದ್ದವು. ಬಾಯಿ ಇರಬೇಕಾದ ಕಡೆ ಏನೂ ಇರಲಿಲ್ಲ, ತತ್ತಿಯ ಹಾಗೆ ನುಣುಪು ಚರ್ಮ. ಎಲ್ಲರ ಕಣ್ಣಲ್ಲೂ ಸುಖದ ನೀರು. ನಡುವೆ, ಒಂದು ಬೀಸುಕಲ್ಲು, ಒಂದು ಬುಟ್ಟಿ ಜೋಳದ ಮುಂದೆ, ಬಾಳವ್ವ. ಸೊಂಟದ ಕೆಳಗೆ ಆಗಲೇ ಏನೂ ಇರಲಿಲ್ಲ. ತೋಳು ಗಾಜಿನಂತೆ, ಆಚೆಯ ಕಂಬ ಕಾಣುವಷ್ಟು ತೆಳುವಾಗಿದ್ದವು. ತುಟಿ ಮಾತ್ರ ಆಡುತ್ತಿತ್ತು:

"ಹಿಡಿಜೋಳ ಹಾಕೀನಿ, ಗೂಟ ಹಿಡಿಯೇ ಗೆಳತೀ…"

ಮತ್ತೆ ಅದೇ. ಮತ್ತೆ ಅದೇ.

ಹುಲಿಗೆವ್ವನ ನೆತ್ತಿಗೆ ರಕ್ತ ಏರಿತು. "ಥೂ ನಿಮ್ಮ! ನೂರು ದಿನದಿಂದ ಆಕಿ ಏನಂತಾಳ ಕೇಳೀರೇನು? ಒಬ್ಬಾಕಿಗೆ ಕಲ್ಲು ತಿರುಗವಲ್ದು, ಬಂದು ಗೂಟ ಹಿಡೀರಿ ಅಂತಾಳ. ಕೈಲಾಗೂದಿಲ್ಲ ಬರ್ರಿ ಅಂತ ಕರೀತಾಳ. ಇಷ್ಟಗಲ ಕಿವಿ ಬೆಳೆಸೀರಿ, ಒಬ್ಬರಿಗರ ಕೇಳಲಿಲ್ಲೇನು?"

"ಅವರಿಗೆ ಕೊರಳು ಕೇಳುತ್ತದೆ. ಮಾತು ಕೇಳುವುದಿಲ್ಲ," ಎಂದಿತು ಒಂದು ನಯವಾದ ದನಿ. ಹೊಗೆಮಲ್ಲ ನಿಂತಿದ್ದ. ಎದೆಯತನಕ ಮನುಷ್ಯ, ಕೆಳಗೆ ಹೊಗೆ. "ಬಾ ಹುಲಿಗೆವ್ವ. ನಿನ್ನಂಥ ಅಭಿಮಾನಿ ಬೇರೆ ಯಾರಿದ್ದಾರೆ? ಮೊದಲ ಸಾಲಲ್ಲಿ ಕೂತುಕೋ."

"ನಿನಗೇನ್ ಸಿಗ್ತೈತೋ ಇದರಾಗ?"

"ನನಗಲ್ಲ, ಅರಸನಿಗೆ. ಹಾಡುವ ಬಾಯಿ ಬೈಯುತ್ತದೆ ಕೂಡ. ಸುಂಕ ಯಾಕೆ, ಯುದ್ಧ ಯಾಕೆ ಅಂತ ಕೇಳುತ್ತದೆ. ಜನರ ಬಾಯಿ ಹೊಲಿಯಲು ಹೋದರೆ ದಂಗೆ ಏಳುತ್ತಾರೆ. ಇವರೋ, ತಮ್ಮ ಬಾಯಿ ತಾವೇ ಕಳೆದುಕೊಂಡು ಕೃತಜ್ಞತೆಯಿಂದ ಅಳುತ್ತಿದ್ದಾರೆ. ನೂರು ದಿನದಿಂದ ಅರಸ ಸುಖವಾಗಿ ನಿದ್ದೆ ಮಾಡುತ್ತಿದ್ದಾನೆ." ಅವನು ಹತ್ತಿರ ಸರಿದ. "ನಿನಗೊಂದು ಮಾತು. ಅವತ್ತು ನಿನಗೆ ಚಪ್ಪಲಿ ಬಿದ್ದಾಗ ಇವಳು ತುಟಿ ಬಿಚ್ಚಲಿಲ್ಲ. ಇವಳಿಗಾಗಿ ಯಾಕೆ ಬಂದೆ? ಸುಮ್ಮನೆ ನಿಂತಿರು. ಹೊತ್ತು ಮುಳುಗಿದ ಕೂಡಲೆ ಈ ಕೊರಳು ನಿನ್ನ ಗಂಟಲಿಗೆ ಇಳಿಸುತ್ತೇನೆ. ನಾಡು ನಿನ್ನ ಕಾಲಿಗೆ ಬೀಳುತ್ತದೆ."

ಹುಲಿಗೆವ್ವನ ಕಣ್ಣು ಬಾಳವ್ವನ ಕೊರಳಿನ ಮೇಲೆ ನೆಟ್ಟಿತು. ಆಸೆ ಆಗಲಿಲ್ಲವೆಂದರೆ ಸುಳ್ಳು. ಐವತ್ತಾರು ದೇಶದಲ್ಲೂ ಆ ಕೊರಳು ಅವಳ ಕನಸಿಗೆ ಬಂದಿತ್ತು. ಬಾಳವ್ವನ ಎಡತೋಳು ಅಷ್ಟರಲ್ಲಿ ಪೂರ್ತಿ ಮಾಯವಾಯಿತು.

"ನಿನ್ನ ಅರಸನ ನಿದ್ದಿಗೆ ಬೆಂಕಿ ಹಾಕ," ಎಂದು ಹುಲಿಗೆವ್ವ ಬೀಸುಕಲ್ಲಿನ ಎದುರು ಕೂತಳು, ಗೂಟ ಹಿಡಿದಳು, ಬಾಯಿ ತೆರೆದಳು.

ಆ ಸಭೆಯಲ್ಲಿದ್ದವರೆಲ್ಲ ಬೀಸುವ ಪದವನ್ನು ಎರಡನೆಯ ಬಾಗಿಲಲ್ಲೇ ಕೊಟ್ಟು ಬಂದಿದ್ದರು. ಮರುಸೊಲ್ಲು ಗೊತ್ತಿದ್ದವಳು ಅವಳೊಬ್ಬಳೇ. ಅವಳ ದನಿ ಆ ದೊಡ್ಡ ಕಿವಿಗಳಿಗೆ ಹೋಗಿ ಗರಗಸದ ಹಾಗೆ ಕೊಯ್ದಿತು. ಜನ ಎದ್ದರು. ಬಾಯಿಲ್ಲದ ಜನ, ಸದ್ದಿಲ್ಲದೆ ಚಪ್ಪಲಿ ಎಸೆದರು. ಒಂದು, ಹತ್ತು, ನೂರು. ಹಣೆ ಒಡೆಯಿತು, ತುಟಿ ಒಡೆಯಿತು. ಈ ಸಲ ಹುಲಿಗೆವ್ವ ಯಾರ ಮುಖವನ್ನೂ ನೋಡಲಿಲ್ಲ.

"ಗೂಟ ಹಿಡದೀನಿ, ಕಲ್ಲು ತಿರುವೇ ಗೆಳತೀ!"

ಬಾಳವ್ವನ ಹಾಡು ನಿಂತಿತು. ನೂರು ದಿನದಲ್ಲಿ ಮೊದಲ ಸಲ ಅವಳು ಉಸಿರೆಳೆದುಕೊಂಡಳು. ಆ ಉಸಿರಿಗೆ ಎಡತೋಳು ಬಂತು, ಬಲತೋಳು ಬಂತು, ಸೊಂಟ ಬಂತು, ಕಾಲು ಬಂತು. ಹೊಗೆಮಲ್ಲ "ಬೇಡ!" ಅಂದ. ಅಂದ ಮಾತು ಹೊಗೆಯಾಯಿತು, ಅಂದ ಬಾಯಿ ಹೊಗೆಯಾಯಿತು. ಕಿಟಕಿಯಿಂದ ಬಂದ ಒಂದು ಸಣ್ಣ ಗಾಳಿಗೆ ಅವನು ಮುಗಿದುಹೋದ.

ಎರಡನೆಯ ಬಾಗಿಲ ಹಿಂದಿನ ಗುಡ್ಡೆಯಿಂದ ಪದಗಳು ಜೇನುಹುಳದ ಹಾಗೆ ಎದ್ದು ಬಂದವು. ಜನರ ಕಿವಿ ಕುಗ್ಗಿದವು, ಬಾಯಿ ಬಿರಿದವು. ಅವಸರದಲ್ಲಿ ಯಾರ ಪದವೋ ಯಾರಿಗೋ ಸೇರಿತು: ಕಟುಕನಿಗೆ ಕಮ್ಮಾರಸಾಲೆಯವಳ ಜೋಗುಳ ಸಿಕ್ಕಿತು, ದಂಡಿನವನಿಗೆ ನಾಟಿ ಮಾಡುವವಳ ಪದ ಸಿಕ್ಕಿತು. ಯಾರೂ ವಾಪಸು ಕೇಳಲಿಲ್ಲ. ಬಾಯಿ ಬಂದ ಕೂಡಲೆ ಮುಂದಿನ ಸಾಲಿನ ಒಬ್ಬ ಗಂಡಸು ಮಾಡಿದ ಮೊದಲ ಕೆಲಸವೆಂದರೆ, "ಎಂಥಾ ಕೆಟ್ಟ ಕೊರಳು ಮಾರಾಯ್ತಿ ನಿಂದು!" ಎಂದದ್ದು.

"ಬಾಯಿ ಬಂತಲ್ಲ, ಆಕಿನ್ನ ಬೈದಿ," ಎಂದಳು ಅವನ ಹೆಂಡತಿ. "ಇನ್ನ ಅರಸಗ ಬೈಯಾಕ ನಡಿ."

ಹಾಗೇ ನಡೆದರು. ನಾಡಿನ ಕೂಸುಗಳು ಮಲಗಿದವು. ಅರಸನಿಗೆ ಅವತ್ತು ಕೆಟ್ಟ ನಿದ್ದೆ ಸಾಯುವತನಕ ಸರಿಯಾಗಲಿಲ್ಲ. ಉಳಿದವರೆಲ್ಲ ಹಾಡುತ್ತ, ಬೈಯುತ್ತ, ಸುಖವಾಗಿ ಬಾಳಿದರು.

ಆದರೆ ಅದು ಆಮೇಲಿನದು. ಸಭೆ ಖಾಲಿಯಾದಾಗ ಇಬ್ಬರೇ ಉಳಿದಿದ್ದರು, ಕಲ್ಲಿನ ಆಚೆ ಒಬ್ಬಳು, ಈಚೆ ಒಬ್ಬಳು. ಬಾಳವ್ವ ಸೆರಗಿನಿಂದ ಹುಲಿಗೆವ್ವನ ಹಣೆಯ ರಕ್ತ ಒರೆಸಲು ಬಂದಳು. ಹುಲಿಗೆವ್ವ ಮುಖ ತಿರುಗಿಸಿದಳು.

"ಅವತ್ತು ನಾ ಹೆದರಿದ್ದೆ ಹುಲಿಗೀ," ಎಂದಳು ಬಾಳವ್ವ. "ಅಷ್ಟು ಮಂದಿ ಮೆಚ್ಚಿದ್ರಲ್ಲ. ಬಾಯಿ ಬಿಟ್ರ ಆ ಮೆಚ್ಚಿಗಿ ಎಲ್ಲಿ ಹೋಗಿಬಿಡ್ತೈತೋ ಅಂತ…"

"ಗೊತ್ತು."

"ಸಿಟ್ಟು ಹೋತೇನು?"

"ಇಲ್ಲ. ಹೋಗಾಕ ಇನ್ನೂ ವರ್ಷ ಬೇಕು. ಸಿಟ್ಟು ಬ್ಯಾರೆ, ಸಾಲ ಬ್ಯಾರೆ. ನಾ ಎದ್ದು ಹೋದದ್ದು ಅರ್ಧ ಪದದಾಗ. ಒಂದು ಸೊಲ್ಲು ಎತ್ತಿದ್ರ ತೀರೂದಿಲ್ಲ. ಹೇಳು ಮುಂದಿಂದು."

ಬಾಳವ್ವ ಕಣ್ಣು ಒರೆಸಿಕೊಂಡು ಮುಂದಿನ ಸೊಲ್ಲು ಬಿಟ್ಟಳು. ಹುಲಿಗೆವ್ವ ಎತ್ತಿದಳು. ಕಲ್ಲು ತಿರುಗಿತು, ಹಿಟ್ಟು ಬಿತ್ತು. ಒಂದು ಕೊರಳು ಜೇನು, ಒಂದು ಜಲ್ಲಿಕಲ್ಲು. ಕೊನೆಯ ಹಿಡಿಜೋಳ ಕಲ್ಲಿಗೆ ಬೀಳುವತನಕ ಬಾಳವ್ವ ಬಿಟ್ಟದ್ದನ್ನೆಲ್ಲ ಅವಳು ಒಂದನ್ನೂ ಬಿಡದೆ ಎತ್ತಿದಳು. ಕಟ್ಟಕಡೆಯ ಸೊಲ್ಲನ್ನು ತನ್ನ ಒರಟು ಗಂಟಲಲ್ಲಿ, ಹಲ್ಲು ಕಚ್ಚಿಕೊಂಡು, ಪೂರ್ತಿ ಹಾಡಿ ಮುಗಿಸಿ, ಗೂಟದಿಂದ ಕೈ ತೆಗೆದಳು.